ಚಾಪೆಯ ಕೆಳಗಿನ ಮೈ

"ಇನ್ನೂ ಮೇಲಕ್ಕಾ ಅಮ್ಮಾ?"

ಎರಡೂ ಹೆಬ್ಬೆರಳನ್ನು ಅವನ ಹೊಕ್ಕುಳಿನ ಪಕ್ಕ ಊರಿ, ಅವನು ಉಸಿರು ಬಿಡುವುದನ್ನೇ ಕಾದು, ಬಿಟ್ಟ ಕೂಡಲೇ ಒಳಗೆ ಮಿಡಿಯುತ್ತಿದ್ದ ಗಂಟನ್ನು ಪಕ್ಕೆಲುಬಿನ ಕಡೆಗೆ ತಳ್ಳಿದೆ. ಕಾಲು ಕಟ್ಟಿದ ಹಂದಿಮರಿಯ ಬಾಯಿಂದ ಬರುವಂಥ ಸದ್ದೊಂದು ಅವನ ಬಾಯಿಂದ ಬಂತು.

"ನೋವಾಗ್ತಿದೆ."

"ಆಗ್ಲೇಬೇಕು. ನೋವಾಗದೆ ಬಟ್ಟಿ ಕೂರುತ್ತಾ?"

"ಹೋದ ಸಲಾನೂ ಹೀಗೇ ಅಂದ್ರಿ. ಮನೆಗೆ ಹೋಗಿ ತಿಂದಿದ್ದೆಲ್ಲ ಕಕ್ಕಿದೆ."

"ಏನು ತಿಂದೆ?"

"ಕೆಸುವಿನ ಗೆಡ್ಡೆ. ಕಾಯಿಹಾಲು ಹಾಕಿ ಬೇಯ್ಸಿದ್ದು."

"ಕಾಯಿಹಾಲು ಯಾರು ಹಾಕ್ಕೋ ಅಂದ್ರು ನಿಂಗೆ? ಬರೀ ಬಿಸಿನೀರು ಕುಡಿ. ಸುಮ್ನೆ ಮಲ್ಕೋ ಈಗ."

ಗೋಡೆಯಿಲ್ಲದ ಮನೆಯ ಕಂಬಗಳ ನಡುವಿನಿಂದ ಕಡಲಗಾಳಿ ಬಂದು ಅವನ ಬೆವರಿನ ಮೇಲೆ ಹಾದುಹೋಗುತ್ತಿತ್ತು. ಹೊಟ್ಟೆ ಒಳಕ್ಕೆ ಸೆಳೆದುಕೊಂಡಿತ್ತು. ಮೊದಲ ಸಲ ಬಂದಾಗ ನಾಲ್ಕು ಜನರ ಊಟ ಉಣ್ಣುವ ಆಳಿನಂತಿದ್ದ. ಈಗ ಪಂಚೆ ಸೊಂಟದಲ್ಲಿ ನಿಲ್ಲದೆ ಹಗ್ಗ ಬಿಗಿದುಕೊಂಡಿದ್ದ.

ಬಟ್ಟಿ, ಅಂದರೆ ಹೊಟ್ಟೆಯೊಳಗೆ ಮಿಡಿಯುವ ಆ ಗಂಟು, ಇರಬೇಕಾದದ್ದು ಹೊಕ್ಕುಳಿನ ಕೆಳಗೆ, ಕಾವಿಗೆ ಕೂತ ಕೋಳಿಯಂತೆ, ಅಲ್ಲಾಡದೆ, ಬೆಚ್ಚಗೆ. ಭಾರ ಎತ್ತಿದರೆ ಅದು ಜಾಗ ಬಿಡುತ್ತದೆ. ಮನಸ್ಸು ಕದಡಿದರೂ ಬಿಡುತ್ತದೆ. ಎಣ್ಣೆ ಹಚ್ಚಿ, ಹುಡುಕಿ, ನಯವಾಗಿ ನೀವಿ ಅದನ್ನು ಗೂಡಿಗೆ ಮರಳಿಸುವುದು ನನ್ನ ಕೆಲಸ. ಅಮ್ಮ ಮಾಡುತ್ತಿದ್ದಳು, ಅವಳ ಅಮ್ಮ ಮಾಡುತ್ತಿದ್ದಳು, ನನ್ನ ಮಗಳು ಲಾಗಿ ಮಾಡಬೇಕಾಗಿತ್ತು. ಪೆಟೆಲೊ ಎಂಬ ಈ ಗಂಡಸಿನ ಬಟ್ಟಿಯನ್ನು ನಾನು ಕೂರಿಸುತ್ತಿರಲಿಲ್ಲ. ತಾನಾಗಿ ಕೂರಲು ಹೊರಟದ್ದನ್ನು ಎಬ್ಬಿಸಿ ಓಡಿಸುತ್ತಿದ್ದೆ.

ಲಾಗಿಯನ್ನು ಕೊಂದವನು ಇವನೇ. ನನಗೆ ಅದು ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಆವತ್ತು ಲಾಗಿ ಚರ್ಚಿನಲ್ಲಿ ಹಾಡು ಕಲಿತು ಮನೆಗೆ ಬರುತ್ತಿದ್ದಳು. ಇನ್ನೂ ಬೆಳಕಿತ್ತು. ಕರಾವಳಿ ರಸ್ತೆಯ ತಿರುವಿನಲ್ಲಿ ಒಂದು ಗಾಡಿ ಅವಳನ್ನು ಹೊಡೆದು ಹಾಗೇ ಹೋಯಿತು. ನಿಂತಿದ್ದರೆ ಉಳಿಯುತ್ತಿದ್ದಳು ಎಂದು ಆಸ್ಪತ್ರೆಯವರು ಹೇಳಿದರು. ಅವರು ಹೇಳದಿದ್ದರೂ ನನಗೆ ಗೊತ್ತಿತ್ತು. ನಾನು ಮುಟ್ಟಿದಾಗ ಅವಳ ಹೊಟ್ಟೆ ಇನ್ನೂ ಬೆಚ್ಚಗಿತ್ತು. ಗಾಡಿ ಯಾರದೆಂದು ಪೊಲೀಸರಿಗೆ ತಿಳಿಯಲಿಲ್ಲ. ದ್ವೀಪದ ತುಂಬ ಒಂದೇ ಬಣ್ಣದ ಪಿಕಪ್ಪುಗಳು.

ಕೆಲವು ವಾರ ಕಳೆದ ಮೇಲೆ ಲಾವಾ ಬಯಲಿನ ಆಚೆಯ ಊರಿನಿಂದ ಪೆಟೆಲೊನನ್ನು ಅವನ ಸೋದರಮಾವ ತೋಲೆವಾ ಕರೆತಂದ. ತೋಲೆವಾ ಅವರ ಮನೆತನದ ಯಜಮಾನ, ಮಾತಿಗೆ ತೂಕವಿದ್ದ ಮುದುಕ. "ಆಸ್ಪತ್ರೇಲಿ ಸಿರಪ್ ಕೊಟ್ರು, ಹೊಟ್ಟೇಲಿ ಏನೂ ಇಲ್ಲ ಅಂದ್ರು. ಏನೂ ಇಲ್ದೆ ಇವನಿಗ್ಯಾಕೆ ಊಟ ಸೇರಲ್ಲ? ನೀವೊಂದು ಸಲ ಕೈಯಿಟ್ಟು ನೋಡಿ ಎಟೆವಿಸೆ," ಅಂದ. ಈ ಕರಾವಳಿಯಲ್ಲಿ ಬಟ್ಟಿ ಹಿಡಿಯುವ ಕೈ ಬೇರೆ ಇಲ್ಲ. ಬರಲ್ಲ ಅನ್ನಬೇಕಾದರೆ ಪೆಟೆಲೊ ಮಾವನಿಗೆ ಕಾರಣ ಹೇಳಬೇಕಿತ್ತು. ಹೇಳಲಾರದೆ ಬಂದು ಮಲಗಿದ.

ಕೈಯಿಟ್ಟೆ. ಹೆದರಿಕೆ. ಅದನ್ನು ಹುಡುಕಬೇಕಾಗಿಯೇ ಇಲ್ಲ. ಹೆದರಿದವರ ಕಾಲಿನಿಂದ ಬಿಸಿಯೆಲ್ಲ ಬಸಿದುಹೋಗಿರುತ್ತದೆ, ಪಾದ ಮೀನಿನಷ್ಟು ತಣ್ಣಗೆ, ಬಟ್ಟಿ ಮಾತ್ರ ಪಕ್ಕೆಯ ಕೆಳಗೆ ಹೋಗಿ ಬಚ್ಚಿಟ್ಟುಕೊಂಡು ಪಟಪಟ ಹೊಡೆದುಕೊಳ್ಳುತ್ತದೆ. ಸಿಟ್ಟಿನ ಮೈ ಹೀಗಿರುವುದಿಲ್ಲ. ಅಣ್ಣನ ಮೇಲೆ ಹಗೆಯಿಟ್ಟುಕೊಂಡಿದ್ದ ಒಬ್ಬ ಬೆಸ್ತನ ಬೆನ್ನು ನೀವಿದ್ದೆ ನಾನು. ಬೆನ್ನಿಗೆ ಏನೂ ಆಗಿರಲಿಲ್ಲ, ಮುಂಗೈ ಎರಡೂ ನೆನೆದ ಹಗ್ಗದ ಹಾಗೆ ಬಿಗಿದಿದ್ದವು, ಅಂಗೈ ಕಾದಿತ್ತು. ದುಃಖದವರದ್ದು ಎದೆ ಮಾತ್ರ ಭಾರ. ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ದೊಪ್ಪನೆ ಬೀಳುತ್ತದೆ. ಇವನ್ನೆಲ್ಲ ನಾನು ಲಾಗಿಗೆ ಹೇಳಿಕೊಟ್ಟಿದ್ದೆ. "ಪ್ರೀತಿ ಎಲ್ಲಿರುತ್ತಮ್ಮಾ?" ಎಂದು ಕೇಳಿದ್ದಳು. "ಎಲ್ಲಾ ಕಡೆ. ಅದಕ್ಕೇ ಯಾರೂ ಅದನ್ನ ವಾಸಿ ಮಾಡಿಸ್ಕೊಳ್ಳೋಕೆ ಬರಲ್ಲ," ಅಂದಿದ್ದೆ. ನಕ್ಕಿದ್ದಳು.

ಪೆಟೆಲೊನ ಹೆದರಿಕೆ ಯಾವುದರದ್ದು ಎಂದು ನಾನು ಯೋಚಿಸಲೇ ಇಲ್ಲ. ಅಷ್ಟರಲ್ಲಿ ಹಿತ್ತಲ ಒಲೆಯ ಹತ್ತಿರ ಕೂತು ದೀವಿಹಲಸು ಹೆಚ್ಚುತ್ತಿದ್ದ ನನ್ನ ಅಕ್ಕ ಆಕೆನೆಸೆ, ತೋಲೆವಾನ ಜೊತೆ ಮಾತಾಡುತ್ತಾ, "ನಮ್ಮ ಲಾಗೀನ ಹೊಡ್ದೋನು ಆ ತಿರುವಲ್ಲಿ ಒಂದ್ಸಲ ಬ್ರೇಕ್ ಹಾಕಿದಾನೆ, ಗುರುತು ಇನ್ನೂ ಇದೆ," ಅಂದಳು.

ಬಟ್ಟಿ ನನ್ನ ಬೆರಳ ಕೆಳಗೆ ಬಲೆಗೆ ಬಿದ್ದ ಮೀನಿನ ಹಾಗೆ ನೆಗೆಯಿತು.

ನಾನು ಕೈ ತೆಗೆಯಲಿಲ್ಲ. ಎಣ್ಣೆ ಹಚ್ಚುತ್ತಾ ಸುಮ್ಮನೆ, "ಮಳೆ ಬಂದ್ರೆ ಹೋಗುತ್ತೆ ಬಿಡು ಅಕ್ಕ," ಅಂದೆ. ಬಟ್ಟಿ ಕೊಂಚ ಇಳಿಯಿತು. "ಅವಳು ಆವತ್ತು ಹಾಕ್ಕೊಂಡಿದ್ದ ಬಿಳಿ ಉಡುಪು ಮಾತ್ರ ಎಷ್ಟು ಒಗೆದ್ರೂ ಬಿಳಿ ಆಗ್ಲಿಲ್ಲ," ಅಂದೆ. ಮತ್ತೆ ನೆಗೆಯಿತು. ಬೇರೆ ಮಾತು ಎತ್ತಿದೆ, ಚರ್ಚಿನ ಹೊಸ ಚಾವಣಿ, ಹಡಗು ಕೆಟ್ಟು ನಿಂತದ್ದು, ಹೊಟ್ಟೆ ಸಡಿಲವಾಯಿತು. ತಿರುವು ಎಂದೆ. ನೆಗೆತ. ಅವನ ಮುಖ ಕಂಬದಂತಿತ್ತು, ಕಣ್ಣು ಚಾವಣಿಯಲ್ಲಿತ್ತು. ಹೊಟ್ಟೆ ಮಾತ್ರ ತಪ್ಪೊಪ್ಪಿಗೆ ಹೇಳುತ್ತಲೇ ಇತ್ತು.

ಆಮೇಲೆ ನಾನು ಅವನ ಕಿವಿ ಮುಟ್ಟಿ ನೋಡಿದೆ. ಕತ್ತು ಮುಟ್ಟಿದೆ. ನಾಚಿಕೆ ಇದ್ದರೆ ಅಲ್ಲಿರಬೇಕು, ಅಲ್ಲಿ ಸುಡಬೇಕು. ಎರಡೂ ತಣ್ಣಗಿದ್ದವು. ಅವನಿಗೆ ಹೆದರಿಕೆಯಷ್ಟೇ ಇತ್ತು.

ಆ ಮಧ್ಯಾಹ್ನ, ಮಗಳನ್ನು ಮಣ್ಣು ಮಾಡಿದ ಮೇಲೆ ಮೊದಲ ಬಾರಿಗೆ, ನಾನು ಹೊಟ್ಟೆ ತುಂಬ ಉಂಡೆ.

"ದಿನ ಬಿಟ್ಟು ದಿನ ಬರಲಿ," ಎಂದು ತೋಲೆವಾನಿಗೆ ಹೇಳಿ ಕಳಿಸಿದ್ದೆ. ಬಂದ. ಪ್ರತಿ ಸಲ ನನ್ನೆದುರು ಮಲಗಿ, ಅಂಗಿ ಎತ್ತಿ, ಹೊಟ್ಟೆಯನ್ನು ನನ್ನ ಕೈಗೆ ಕೊಟ್ಟ. ಪೊಲೀಸರಿಗೆ ನಾನು ಹೇಳಲಿಲ್ಲ. ಏನೆಂದು ಹೇಳುವುದು? ಹೇಳಿದರೂ ಅವನನ್ನು ಒಳಗೆ ಹಾಕುತ್ತಾರೆ, ಅಲ್ಲಿ ಹೊತ್ತುಹೊತ್ತಿಗೆ ಊಟ ಕೊಡುತ್ತಾರೆ. ನನ್ನ ಚಾಪೆಯ ಮೇಲೆ ಅವನಿಗೆ ಊಟ ಇರಲಿಲ್ಲ, ನಿದ್ದೆ ಇರಲಿಲ್ಲ. ನೀವುತ್ತಾ ನಾನು ಲಾಗಿಯ ಮಾತು ತೆಗೆಯುತ್ತಿದ್ದೆ. ಅವಳು ಹೇಗೆ ನಗುತ್ತಿದ್ದಳು, ಹೇಗೆ ಅಕ್ಕಿ ಬೇಯಿಸಲು ಬಾರದೆ ಗಂಜಿ ಮಾಡುತ್ತಿದ್ದಳು. ಅವನ ಬಟ್ಟಿ ಓಡುತ್ತಿತ್ತು, ನಾನು ಅಟ್ಟಿಸಿಕೊಂಡು ಹೋಗುತ್ತಿದ್ದೆ. "ಪಾಪ," ಅನ್ನುತ್ತಿದ್ದ ಅವನು, ಒಣಗಿದ ನಾಲಿಗೆಯಲ್ಲಿ. "ಪಾಪ ಅಲ್ವಾ ಮತ್ತೆ," ಅನ್ನುತ್ತಿದ್ದೆ ನಾನು.

ಅಕ್ಕನಿಗೆ ಅನುಮಾನ ಬಂತು.

"ಎಟೆ, ನಿನ್ನ ಕೈಗೇನಾಗಿದೆ?"

"ಏನಾಗಿದೆ?"

"ಆ ಬಾಣಂತಿ ಬಂದಿದ್ಲಲ್ಲ, ಕೂಸಿನ ಕಾಲು ನೀವ್ಸೋಕೆ. ನೀನು ಮುಟ್ಟಿದ್ದೇ ಮುಟ್ಟಿದ್ದು, ಕೂಸು ಕಾದ ಕಲ್ಲಿನ ಮೇಲೆ ಮಲಗ್ಸಿದ ಹಾಗೆ ಕಿರಿಚ್ತು. ಅವಳು ಇನ್ನು ಬರಲ್ಲ, ಗೊತ್ತಾ?"

"ಬರದಿದ್ರೆ ಬಿಡ್ಲಿ."

"ಆ ಪೆಟೆಲೊ ಒಬ್ಬ ಬಂದ್ರೆ ಸಾಕು ನಿಂಗೆ." ಚಾಕು ಕೆಳಗಿಟ್ಟಳು. "ಅವನು ಬರೋ ದಿನ ನೀನು ತಲೆ ಬಾಚ್ಕೋತೀಯ. ನಾನು ಕುರುಡಿಯಲ್ಲ ಕಣೇ. ಲಾಗೀನ ಹೊಡ್ದೋನು ಅವನೇ ಅಲ್ವಾ?"

ನಾನು ಎಣ್ಣೆ ಬಾಟಲಿಯ ಮುಚ್ಚಳ ಹಾಕಿದೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

"ಹೇಳ್ಬಿಡು. ಊರವರಿಗೆ ಹೇಳು, ಇಲ್ಲಾ ಪಾದ್ರಿಗೆ ಹೇಳು. ಇದು ನಿನ್ನನ್ನ ತಿನ್ನುತ್ತೆ."

"ತಿಂತಾ ಇರೋದು ನಾನು."

"ಮಲ್ಕೋ ಇಲ್ಲಿ. ನಾನು ನಿನ್ನ ಹೊಟ್ಟೆ ನೋಡ್ತೀನಿ."

"ನಿಂಗೇನು ಗೊತ್ತು ಹೊಟ್ಟೆ? ತೆಂಗಿನಕಾಯಿ ಸುಲಿಯೋಳು ನೀನು."

ನನ್ನ ಹೊಟ್ಟೆಯನ್ನು ಮುಟ್ಟುತ್ತಿದ್ದವಳು ಲಾಗಿ ಒಬ್ಬಳೇ. ಅವಳ ಕೈ ಇನ್ನೂ ಎಳೆಯದು, ತಪ್ಪು ಜಾಗದಲ್ಲಿ ಒತ್ತುತ್ತಿದ್ದಳು, ಆದರೂ ಅವಳ ಕೈ ಕೆಳಗೆ ನಾನು ನಿದ್ದೆ ಹೋಗುತ್ತಿದ್ದೆ. ಆ ಜಾಗಕ್ಕೆ ಇನ್ನೊಬ್ಬರ ಕೈ ಬರುವುದು ನನಗೆ ಬೇಕಿರಲಿಲ್ಲ.

ಮುಂದಿನ ಸರದಿಗೆ ಪೆಟೆಲೊ ಬರಲಿಲ್ಲ. ನಾನು ತಲೆ ಬಾಚಿಕೊಂಡು ಸಂಜೆಯವರೆಗೂ ಕೂತಿದ್ದೆ.

ಮರುದಿನ ಬೆಳಕು ಹರಿಯುವ ಮುಂಚೆ ಅಕ್ಕ ನನ್ನ ಭುಜ ಅಲುಗಿಸಿದಳು. "ಏಳು. ಮನೆ ಮುಂದೆ ಜನ ಬಂದು ಕೂತಿದಾರೆ."

ಎದ್ದು ನೋಡಿದೆ. ಮಾತಿಲ್ಲದೆ, ತಲೆಬಗ್ಗಿಸಿ, ಹುಲ್ಲಿನ ಮೇಲೆ ಒಂದು ಮನೆತನವೇ ಕೂತಿತ್ತು. ಅವರ ಮುಂದೆ ಸೌದೆಯ ಕಟ್ಟು, ಒಲೆಯ ಕಲ್ಲು, ಬಾಳೆಯೆಲೆ. ತಪ್ಪು ನಮ್ಮದು, ಬೇಕಾದರೆ ನಮ್ಮನ್ನೇ ಬೇಯಿಸಿಕೊಳ್ಳಿ ಎಂಬ ಮಾತು ಅದು. ಎಲ್ಲರಿಗಿಂತ ಮುಂದೆ ಒಬ್ಬ ಮಂಡಿಯೂರಿ, ನೆಲಕ್ಕೆ ಹಣೆ ಹಚ್ಚಿದ್ದ. ಅವನ ಮೇಲೆ ಚಾಪೆ ಹೊದಿಸಿತ್ತು. ಮಲಗುವ ಚಾಪೆಯಲ್ಲ; ಮದುವೆಗೆ, ಸಾವಿಗೆ, ಪಟ್ಟಕ್ಕೆ ಮಾತ್ರ ಹೊರಬರುವ, ರೇಷ್ಮೆಯಷ್ಟು ಮೆದುವಾದ, ಅಂಚಿಗೆ ಕೆಂಪು ಗರಿ ಕಟ್ಟಿದ ಚಾಪೆ.

ಹೇಳಿಬಿಟ್ಟಿದ್ದಾನೆ ಎಂದು ಗೊತ್ತಾಯಿತು.

ಅಣ್ಣ ಸತ್ತ ಮೇಲೆ ನಮ್ಮ ಮನೆತನದ ಯಜಮಾನಿಕೆ ನನ್ನದು. ಆ ಚಾಪೆಯನ್ನು ತೆಗೆಯಬೇಕಾದವಳು ನಾನೇ. ತೆಗೆದರೆ ಕ್ಷಮಿಸಿದಂತೆ, ಎಲ್ಲ ಮುಗಿಯಿತು. ಆಮೇಲೆ ನಮ್ಮವರು ಯಾರೂ ಅವರ ಮೇಲೆ ಕೈಯೆತ್ತುವಂತಿಲ್ಲ, ಸತ್ತವಳ ಹೆಸರು ಹಿಡಿದು ಒಂದು ಕಟುಮಾತೂ ಆಡುವಂತಿಲ್ಲ, ನ್ಯಾಯಾಲಯದವರೂ ಶಿಕ್ಷೆ ಇಳಿಸುತ್ತಾರೆ. ಸಿಟ್ಟು ಇಟ್ಟುಕೊಳ್ಳುವ ಹಕ್ಕೇ ಹೋಗುತ್ತದೆ. ತೆಗೆಯದಿದ್ದರೆ, ಅವರು ಬಂದ ದಾರಿಯಲ್ಲೇ ಹೋಗಬೇಕು, ಎರಡು ಊರಿನ ನಡುವೆ ಹಗೆ ನಿಲ್ಲುತ್ತದೆ. ತೆಗೆಯದವರನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

ಚಿಕ್ಕಪ್ಪನ ಮಕ್ಕಳು ಮಚ್ಚು ಹಿಡಿದು ಬಂದು ಕಂಬಕ್ಕೆ ಒರಗಿ ನಿಂತರು. "ಸೌದೆ ತಂದಿದಾರೆ, ಬೆಂಕಿಪೊಟ್ಟಣ ಮರ್ತಿದಾರೆ ನೋಡು," ಅಂದ ಒಬ್ಬ. "ನಮ್ಮನೇಲಿದೆ ಬಿಡು," ಅಂದ ಇನ್ನೊಬ್ಬ. ಹುಲ್ಲಿನ ಮೇಲೆ ಕೂತವರು ಯಾರೂ ತಲೆಯೆತ್ತಲಿಲ್ಲ.

ಸೂರ್ಯ ಹುಟ್ಟಿದ. ನಾನು ಮುಖ ತೊಳೆದೆ, ಕೋಕೋ ಕುಡಿದೆ. ಬಿಸಿಲು ಚಾಪೆಯ ಮೇಲೆ ಏರುವುದನ್ನು ನೋಡುತ್ತಾ ಕೂತೆ. ಅದರ ಕೆಳಗೆ ಅವನ ಹೊಟ್ಟೆ ಏನು ಮಾಡುತ್ತಿರಬಹುದು ಎಂದು ಯೋಚಿಸಿದಾಗ ನನ್ನ ಅಂಗೈ ಬಿಸಿಯಾಯಿತು. ಪಾದ್ರಿ ಓಡೋಡಿ ಬಂದರು, ಬಿಳಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

"ಎಟೆವಿಸೆ, ಎಷ್ಟು ಹೊತ್ತು ಕಾಯಿಸ್ತೀಯಮ್ಮ? ಬಿಸಿಲು ನೋಡು."

"ಲಾಗಿ ಎಷ್ಟು ಹೊತ್ತು ರಸ್ತೇಲಿ ಬಿದ್ದಿದ್ಲು ಅಯ್ಯಾ?"

ಅವರು ತಪ್ಪಾಗಿ ಹಾಕಿದ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಕೊನೆಗೆ ಎದ್ದು ಹೋದೆ. ಚಾಪೆಯ ಪಕ್ಕ ಮಂಡಿಯೂರಿದೆ. ಅಂಚನ್ನು ಎತ್ತಲಿಲ್ಲ, ಕೈಯನ್ನು ಮಾತ್ರ ಒಳಗೆ ಹಾಕಿ ಕತ್ತು ಹುಡುಕಿದೆ. ಕತ್ತು ಕೆಂಡದಂತಿತ್ತು. ಕಿವಿ ಸುಡುತ್ತಿತ್ತು, ಅದರ ಹಿಂದಿನ ನರ ಹೊಡೆದುಕೊಳ್ಳುತ್ತಿತ್ತು. ಕೆನ್ನೆ ಒದ್ದೆ. ನಾಚಿಕೆ, ಎಲ್ಲಿರಬೇಕೋ ಅಲ್ಲೇ, ತುಂಬಿಕೊಂಡು, ಮೈ ಒಳಗೆ ಅಡಗಲು ಜಾಗ ಸಿಗದೆ ನಡುಗುತ್ತಾ. ನನ್ನ ಬೆರಳು ತಾವಾಗಿ ಮೆದುವಾದವು. ಅಷ್ಟರಲ್ಲಿ ಬೆನ್ನಿನ ಮೇಲೆ ಕೈ ಹೋಯಿತು. ಚರ್ಮ ಸಡಿಲ, ಮೂಳೆ ಬಾಗಿದೆ. ಇದು ನಾನು ತಿಂಗಳುಗಟ್ಟಲೆ ತಿಳಿದ ಮೈಯಲ್ಲ.

"ಯಾರು?"

"ನಾನಮ್ಮ. ತೋಲೆವಾ." ಚಾಪೆಯ ಕೆಳಗಿನ ದನಿ ಒಡೆದಿತ್ತು. "ಯಜಮಾನ ನಾನು. ತಪ್ಪು ನನ್ನ ಮನೇದು. ನಾನೇ ಅವನ್ನ ನಿಮ್ಮ ಹತ್ರ ಕರ್ಕೊಂಡು ಬಂದೆ. ನಿಮ್ಮ ಕೈಲೇ ನೀವ್ಸಿದೆ. ದೇವರೇ, ನಿಮ್ಮ ಕೈಲೇ."

ಯಜಮಾನನೇ ಹೊದ್ದು ಕೂರುವುದು ರೂಢಿ. ಹಾಗೆಯೇ ಆಗಬೇಕು. ಅದು ನನಗೆ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತಿದ್ದೆ. ಮುದುಕ ಅಳುತ್ತಿದ್ದ. ನನ್ನ ಎಡಗೈ ಚಾಪೆಯ ಅಂಚನ್ನು ಹಿಡಿದಿತ್ತು. ಎತ್ತುವುದಷ್ಟೇ ಉಳಿದಿತ್ತು, ನಾನು ಎತ್ತುತ್ತಿದ್ದೆನೋ ಏನೋ.

"ಅವನೆಲ್ಲಿ?" ಅಂದೆ.

ಹಿಂದಿನ ಸಾಲಿನಲ್ಲಿ ಪೆಟೆಲೊ ತಲೆಬಗ್ಗಿಸಿ ಕೂತಿದ್ದ. ಹತ್ತಿರ ಹೋಗಿ ನಿಂತೆ. ಚಿಕ್ಕಪ್ಪನ ಮಕ್ಕಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ಮಲ್ಕೋ," ಅಂದೆ.

"ಅಮ್ಮಾ?"

"ಇಲ್ಲೇ. ಹುಲ್ಲಿನ ಮೇಲೆ. ಅಂಗಿ ಎತ್ತು."

ಅವನು ಎಲ್ಲರ ಮುಂದೆ ಮಲಗಿದ. ಎಣ್ಣೆ ಇರಲಿಲ್ಲ, ಒಣಗೈಯನ್ನೇ ಇಟ್ಟೆ. ಪಕ್ಕೆಯ ಕೆಳಗೆ ಹುಡುಕಿದೆ, ಇರಲಿಲ್ಲ. ಬಲಕ್ಕೆ ಹುಡುಕಿದೆ. ಕೆಳಗೆ ಬಂದೆ. ಹೊಕ್ಕುಳಿನ ಕೆಳಗೆ, ತನ್ನ ಗೂಡಿನಲ್ಲಿ, ಬಟ್ಟಿ ಕೂತಿತ್ತು. ಅಲ್ಲಾಡದೆ, ಬೆಚ್ಚಗೆ. ನಾನು ಒತ್ತಿದೆ, ಅದು ಕದಲಲಿಲ್ಲ. ಪಾದ ಮುಟ್ಟಿದೆ, ಬಿಸಿ ಮರಳಿತ್ತು. ಉಸಿರು ಉದ್ದವಾಗಿ, ನಿದ್ದೆಯಿಂದ ಎದ್ದ ಕೂಸಿನಂತೆ ಓಡಾಡುತ್ತಿತ್ತು. ಕೈಯ ಕೆಳಗೆ ಹೊಟ್ಟೆ ಗುಡುಗುಟ್ಟಿತು. ಹಸಿವು.

"ಲಾಗಿ," ಅಂದೆ, ಅವನ ಕಿವಿಯ ಹತ್ತಿರ. "ತಿರುವು. ಬಿಳಿ ಉಡುಪು."

ಏನೂ ನೆಗೆಯಲಿಲ್ಲ.

ಅವನು ಕಣ್ಣು ತೆರೆದು ನನ್ನನ್ನು ನೋಡಿದ. ಕಣ್ಣಲ್ಲಿ ನೀರಿತ್ತು, ಕೃತಜ್ಞತೆಯ ನೀರು. "ನಿನ್ನೆ ಮಾವನಿಗೆ ಹೇಳ್ಬಿಟ್ಟೆ ಅಮ್ಮಾ. ಹೇಳಿದ್ದೇ ಹೇಳಿದ್ದು, ಒಳಗೆ ಏನೋ ಗಂಟು ಬಿಚ್ಚಿದ ಹಾಗಾಯ್ತು. ಎರಡು ಸಲ ಉಂಡೆ. ಕಕ್ಲಿಲ್ಲ. ಮಲಗಿದ್ದೊಂದೇ ಗೊತ್ತು, ಬೆಳಗ್ಗೆ ಇವರೇ ಎಬ್ಬಿಸ್ಬೇಕಾಯ್ತು." ಕೆಳದನಿಯಲ್ಲಿ ಸೇರಿಸಿದ: "ನಿಮ್ಮ ಕೈಗುಣ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ನಾನಿನ್ನೂ ಕ್ಷಮೆ ಕೊಟ್ಟಿರಲಿಲ್ಲ, ಅವನ ಮೈ ಆಗಲೇ ಪಡೆದುಕೊಂಡಿತ್ತು. ತನ್ನ ಭಾರವನ್ನೆಲ್ಲ ಮುದುಕನ ಕತ್ತಿನ ಮೇಲೆ ಇಳಿಸಿ, ಉಂಡು, ಮಲಗಿ, ಎದ್ದು, ಚಾಪೆ ತೆಗೆಯುವುದನ್ನು ನೋಡಲು ಬಂದಿತ್ತು.

ನಾನು ಎದ್ದೆ. ಕಾಲು ಗಟ್ಟಿಯಾಗಿದ್ದವು. ಎದೆಯಲ್ಲಿ ಭಾರವಿರಲಿಲ್ಲ. ಬಿಸಿಯೆಲ್ಲ ಮುಂಗೈಗೆ ಬಂದಿತ್ತು, ಬೆರಳುಗಳು ತಾವಾಗಿ ಮಡಚಿಕೊಂಡವು, ಚಿಕ್ಕಪ್ಪನ ಮಗನ ಕೈಯ ಮಚ್ಚು ಎಷ್ಟು ದೂರವಿದೆ ಎಂಬುದು ನೋಡದೆಯೇ ನನಗೆ ಗೊತ್ತಿತ್ತು. ಅದರ ಕಡೆ ಹೋಗಲಿಲ್ಲ. ಚಾಪೆಯ ಹತ್ತಿರ ಬಂದೆ.

"ಯಜಮಾನ್ರೇ, ನಿಮ್ಮ ನಾಚಿಕೆ ನಿಜ. ನನ್ನ ಕೈಗೆ ಗೊತ್ತಾಯ್ತು. ಏಳಿ, ನೆರಳಿಗೆ ಹೋಗಿ, ನೀರು ಕುಡೀರಿ."

"ಹಾಗಾದ್ರೆ ತೆಗೀರಮ್ಮ," ಅಂದ ತೋಲೆವಾ ಒಳಗಿಂದ. "ಈ ಚಾಪೆ ನನ್ನಜ್ಜಿ ನೇಯ್ದಿದ್ದು. ಕಣ್ಣು ಹೋಗೋವರೆಗೂ ನೇಯ್ದಳು. ಇದು ನಿಮ್ಮದು. ಹಿಂದೆ ಇನ್ನೂ ಇವೆ, ಹಂದಿಗಳಿವೆ. ಅದೂ ಸಾಲ್ದು ಅಂದ್ರೆ ಪೆಟೆಲೊನ್ನೇ ಬಿಟ್ಟು ಹೋಗ್ತೀನಿ. ಜೈಲಿಂದ ಬಂದ್ಮೇಲೆ ನಿಮ್ಮನೇಲಿ ದುಡೀಲಿ. ನಿಮ್ಮ ಮಗನ ಹಾಗೆ ಇರ್ಲಿ."

"ಇರ್ತೀನಿ ಅಮ್ಮಾ," ಅಂದ ಪೆಟೆಲೊ ಹಿಂದಿನಿಂದ, ಬೇಗನೆ, ಸಂತೋಷವಾಗಿ.

ಪಾದ್ರಿ ನನ್ನ ಮೊಣಕೈ ಮುಟ್ಟಿದರು. "ಇದಕ್ಕಿಂತ ದೊಡ್ಡದು ಇನ್ನೇನು ಕೊಡೋಕಾಗುತ್ತೆ ಅವರ ಕೈಲಿ? ಮುದುಕ ಸತ್ತುಹೋಗ್ತಾನೆ ಬಿಸಿಲಲ್ಲಿ. ಎತ್ತಮ್ಮ."

ಅಕ್ಕ ಒಲೆಯ ಹತ್ತಿರದಿಂದ ಎದ್ದು ಬಂದಿದ್ದಳು. ಅವಳೂ ಅಂದಳು, "ಸಾಕು ಎಟೆ. ತೆಗೆದ್ಬಿಡು."

ಎಲ್ಲರೂ ನನ್ನ ಕೈ ನೋಡುತ್ತಿದ್ದರು.

"ತೆಗೆಯಲ್ಲ," ಅಂದೆ.